ಬಾಡಿಗೆ ದೀಪ: ಲೇಬರ್ ಶೆಡ್ಡುಗಳಲ್ಲಿ ನನ್ನ ಅನುಭವ

ಬೆಂಗಳೂರಿನ ವರ್ತೂರು ಕಡೆಯ ಲೇಬರ್ ಶೆಡ್ಡುಗಳಲ್ಲಿ ನಮ್ಮ ಬಾಡಿಗೆ ಸೋಲಾರ್ ದೀಪಗಳು ಎರಡನೇ ಉಗಾದಿ ದಾಟಿವೆ. ಶುರುವಿನಲ್ಲಿ ಅಲ್ಲಿನ ಮೇಸ್ತ್ರಿಯೇ, "ಸರ, ಈ ಮಂದಿ ಹಬ್ಬಕ್ಕ ಊರಿಗೆ ಹೋದ್ರ ನಿಮ್ಮ ದೀಪಾನೂ ಹೋತು ಅಂತ ತಿಳ್ಕೋರಿ" ಎಂದಿದ್ದ. ಹೋಗಿದ್ದು ಅರವತ್ತರಲ್ಲಿ ನಾಲ್ಕೈದು ಅಷ್ಟೇ.

ಹಿಂದೆ ಇದೇ ಜಾಗದಲ್ಲಿ ವಿದೇಶಿ ದುಡ್ಡಿನ ದೀಪಗಳನ್ನು ಪುಕ್ಕಟೆ ಹಂಚಿದ್ದೆವು. ಒಳಗೆ ಸಣ್ಣ ಲೆಡ್ ಆಸಿಡ್ ಬ್ಯಾಟರಿ, ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಬೇಗ ಕೆಡುವಂಥದ್ದು. ಶೆಡ್ಡಿಗೆ ಕರೆಂಟೇ ಇಲ್ಲ, ಜನ ಪೂರ್ತಿ ಖಾಲಿಯಾಗುವ ತನಕ ಉರಿಸದೆ ಇನ್ನೇನು ಮಾಡಿಯಾರು? ಆರೇಳು ತಿಂಗಳಲ್ಲಿ ಮುಕ್ಕಾಲು ಭಾಗ ಗುಜರಿ ಸೇರಿತು. ಮತ್ತೆ ಸೀಮೆಎಣ್ಣೆ ಬುಡ್ಡಿ, ಅದೂ ಬ್ಲ್ಯಾಕಿನಲ್ಲಿ ಕೊಂಡದ್ದು. ಅವರ ರೇಷನ್ ಕಾರ್ಡ್ ಇರುವುದು ಊರಲ್ಲಿ, ಯಾದಗಿರಿಯಲ್ಲಿ ಅಲ್ವಾ! ವರದಿಯಲ್ಲಿ ಮಾತ್ರ 'ಹಂಚಿದ ದೀಪ'ಗಳ ಲೆಕ್ಕ ಚೆನ್ನಾಗಿತ್ತು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) ತಿದ್ದುಪಡಿ ಬಂದ ಮೇಲೆ ದೊಡ್ಡ ಸಂಸ್ಥೆಗಳು ವಿದೇಶಿ ಹಣವನ್ನು ನಮ್ಮಂಥ ಸಣ್ಣ ಸಂಸ್ಥೆಗಳಿಗೆ ದಾಟಿಸುವಂತಿಲ್ಲ. ದುಡ್ಡು ನಿಂತಿತು. ನನ್ನ ಕೇಳಿದರೆ, ನಿಂತದ್ದೇ ಒಳ್ಳೆಯದಾಯಿತು.

ಇನ್ನು ದೀಪ ಬಾಡಿಗೆಗೆ ಕೊಡೋಣ ಎಂದಾಗ, "ಬಡವರ ಹತ್ತಿರ ಬಾಡಿಗೆ ಕೇಳ್ತೀರಾ?" ಎಂದು ನಮ್ಮವರೇ ಮುಖ ಸಿಂಡರಿಸಿದರು. ಸೀಮೆಎಣ್ಣೆಗೆ ಅವರು ವಾರಕ್ಕೆ ಅದಕ್ಕಿಂತ ಜಾಸ್ತಿ ಸುರಿಯುತ್ತಿದ್ದದ್ದು ಯಾರಿಗೂ ಕಾಣಲಿಲ್ಲ.

ಶೆಡ್ಡುಗಳ ಬಾಯಲ್ಲೇ ಚಿಲ್ಲರೆ ಅಂಗಡಿ ಇಟ್ಟ ಅಕ್ಕನ ಸೂರಿನ ಮೇಲೆ 200 ವಾಟಿನ ಎರಡು ಪ್ಯಾನೆಲ್ ಹಾಕಿದೆ. ದೀಪಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಎಲ್ಲಾ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನ ಸಾಮಾನು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ದೀಪ ಕೊಡಬೇಕು, ಸಂಜೆ ಒಯ್ಯಬೇಕು. ವಾರಕ್ಕೆ 30 ರೂಪಾಯಿ, ಅದರಲ್ಲಿ 10 ಅಕ್ಕನಿಗೆ. ಮೊದಲು ತಿಂಗಳ ಬಾಡಿಗೆ ಇಟ್ಟಾಗ ಅರ್ಧವೂ ಬರಲಿಲ್ಲ. ತಿಂಗಳ ಕೊನೆಯಲ್ಲಿ ಯಾರ ಕೈಯಲ್ಲಿ ದುಡ್ಡಿರುತ್ತದೆ? ಬಟವಾಡೆಯ ಸಂಜೆಗೆ ಬದಲಾಯಿಸಿದೆ. ಈಗ ಬಾಕಿ ಬಹಳ ಕಡಿಮೆ.

ದೀಪ ಕದ್ದರೂ ಉಪಯೋಗವಿಲ್ಲ, ಅಕ್ಕನ ಅಂಗಡಿಯ ಪಿನ್ ಬಿಟ್ಟು ಬೇರೆ ಯಾವುದರಿಂದಲೂ ಚಾರ್ಜ್ ಆಗುವುದಿಲ್ಲ. ಯಾವ ಪಿನ್ ಎಂದು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಬೇಸಿಗೆಯಲ್ಲಿ ನೀಲಿ ಶೀಟಿನ ಕೆಳಗೆ ಕೂರಲಾಗುವುದಿಲ್ಲ. ಹಳೆ ಫ್ಲೆಕ್ಸ್ ತಿರುಗಿಸಿ ಬಿಳಿ ಬದಿ ಆಕಾಶಕ್ಕೆ ಮಾಡಿ ಹೊದಿಸಿದೆ. ಒಳಗೆ ಎರಡು ಮೂರು ಡಿಗ್ರಿ ಇಳಿಯಿತು. ಆದರೆ 2018ರಲ್ಲಿ ಫ್ಲೆಕ್ಸ್ ತೆರವಿಗಾಗಿ ಹೈಕೋರ್ಟ್ ಪಾಲಿಕೆಗೆ ಚಾಟಿ ಬೀಸಿದ ಮೇಲೆ ಫ್ಲೆಕ್ಸ್ ಮೊದಲಿನಂತೆ ಸಿಗುವುದಿಲ್ಲ. ಅಲ್ಲಿಗೇ ಬಿಟ್ಟೆ.

ಒಟ್ಟು ಖರ್ಚು 90 ಸಾವಿರದ ಆಸುಪಾಸು. ಅಕ್ಕನ ಪಾಲು ಕಳೆದು ತಿಂಗಳಿಗೆ ಐದು ಸಾವಿರದ ಹತ್ತಿರ ಉಳಿಯುತ್ತದೆ. ಒಂದೂವರೆ ವರ್ಷಕ್ಕೆ ಅಸಲು ಬಂತು. ಮೊಬೈಲ್ ಚಾರ್ಜಿಂಗ್ ದುಡ್ಡು ಪೂರ್ತಿ ಅಕ್ಕನದೇ, ಅದರಲ್ಲಿ ಕೈಹಾಕಿಲ್ಲ. ಅವಳಿಗೆ ಲಾಭವಿಲ್ಲದ ದಿನ ನನ್ನ ದೀಪವೂ ಉರಿಯುವುದಿಲ್ಲ.

ಜುಲೈ, ಆಗಸ್ಟಿನ ಮೋಡದ್ದೇ ತಲೆನೋವು. ಸತತ ಮೋಡವಿದ್ದ ವಾರ ಅರ್ಧ ಬಾಡಿಗೆ ತೆಗೆದುಕೊಳ್ಳುತ್ತೇನೆ. ಈ ಸಲ ಮೂರನೇ ಪ್ಯಾನೆಲ್ ಹಾಕುವ ಯೋಚನೆ ಇದೆ, ಆರೇಳು ಸಾವಿರ ಬೀಳಬಹುದು.