ಕಣ್ಣಿಗಿಂತ ಮೊದಲು ಹೊಟ್ಟೆ: ಒಕ್ಕಣ್ಣಿನ ಮೊಲ ಸಾಕಿದ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾನು ದನದ ಡಾಕ್ಟರ್ ಅಲ್ಲ. ಕಲಬುರಗಿಯಲ್ಲಿ ಸಣ್ಣದೊಂದು ಮೆಡಿಕಲ್ ಅಂಗಡಿ ನಡೆಸುವವನು. ಇಪ್ಪತ್ತು ವರ್ಷದಿಂದ ಗುಳಿಗೆ ಕೊಡುವುದೇ ಕೆಲಸ. ಅದೇ ಧೈರ್ಯದಲ್ಲಿ ಒಂದು ಮೊಲವನ್ನು ಇನ್ನೇನು ಕೊಂದೇಬಿಡುತ್ತಿದ್ದೆ, ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಜನವರಿ ಕೊನೆಯ ವಾರ. ಅಂಗಡಿ ಮುಚ್ಚಿ ಮನೆಗೆ ಹೊರಟಿದ್ದೆ. ದಾರಿಯಲ್ಲಿ ಒಂದು ಕೋಳಿ ಅಂಗಡಿ, ಅದರ ಮುಂದಿನ ಜಾಲರಿಯಲ್ಲಿ ಕೋಳಿಗಳ ನಡುವೆ ಒಂದು ಮೊಲ ಮುದುಡಿ ಕೂತಿತ್ತು. ಯಾರೋ ಬಾಡಿಗೆ ಮನೆ ಖಾಲಿ ಮಾಡುವಾಗ ಬಿಟ್ಟುಹೋಗಿದ್ದರಂತೆ. ಕೋಳಿ ಕುಕ್ಕಿತೋ, ಬೆಕ್ಕು ಪರಚಿತೋ ಗೊತ್ತಿಲ್ಲ, ಬಲಗಣ್ಣು ಇರಲಿಲ್ಲ. ಆ ಜಾಗದಲ್ಲಿ ಊದಿದ ರೆಪ್ಪೆ, ಒಣಗಿ ಗಟ್ಟಿಯಾದ ಕೀವು, ಕೆನ್ನೆತನಕ ಅಂಟಿಕೊಂಡ ಕೂದಲು. ವಾಸನೆ ಎರಡು ಮಾರು ದೂರಕ್ಕೆ ಹೊಡೆಯುತ್ತಿತ್ತು. "ತಗೊಂಡ್ ಹೋಗ್ರಿ ಅಣ್ಣಾ, ನಾಳಿಗಿ ಇರಂಗಿಲ್ಲ ಅದು" ಅಂದ ಅಂಗಡಿಯ ಹುಡುಗ. ದುಡ್ಡು ಕೇಳಲಿಲ್ಲ.

ಪಕ್ಕದ ಕಿರಾಣಿಯವನ ತಕ್ಕಡಿಯಲ್ಲಿ ತೂಗಿದೆವು, ಒಂದು ಕೆಜಿ ನೂರೈವತ್ತು ಗ್ರಾಂ. ಬೆನ್ನು ಸವರಿದರೆ ಎಲುಬು ಒಂದೊಂದೂ ಕೈಗೆ ಸಿಗುತ್ತಿತ್ತು. ಬಿಳಿ ಮೈಮೇಲೆ ಕಂದು ಚುಕ್ಕೆ, ಹಂಚಿನ ಮೇಲೆ ಸುಟ್ಟ ಜೋಳದ ರೊಟ್ಟಿಯ ಹಾಗೆ. ಅದಕ್ಕೇ ರೊಟ್ಟಿ ಅಂತ ಹೆಸರಿಟ್ಟೆ. ಅವ್ವ ಮಾತ್ರ ಮೊದಲ ದಿನದಿಂದಲೂ "ಒಕ್ಕಣ್ಣಿ" ಅಂತಲೇ ಕರೆಯುತ್ತಾಳೆ.

ಮೊದಲ ರಾತ್ರಿ ನಾನು ಮಾಡಿದ್ದರಲ್ಲಿ ಸರಿಯಾಗಿದ್ದು ಒಂದೇ, ಗಾಯ ತೊಳೆದದ್ದು. ನಾರ್ಮಲ್ ಸಲೈನ್ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಂಡೆ. ಹತ್ತಿ ಬೇಡ, ಅದರ ಎಳೆ ಗಾಯದೊಳಗೆ ಉಳಿದುಬಿಡುತ್ತದೆ. ಗಾಜ್ ಬಟ್ಟೆಯ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ತುಂಡೇ ಒಳ್ಳೆಯದು. ಆ ಬಟ್ಟೆಯನ್ನು ಒದ್ದೆ ಮಾಡಿ ಗಾಯದ ಮೇಲೆ ಸುಮ್ನೆ ಐದು ನಿಮಿಷ ಇಟ್ಟುಕೊಂಡು ಕೂತರೆ ಒಣಗಿದ ಕೀವು ತಾನೇ ಮೆತ್ತಗಾಗಿ ಬಿಡುತ್ತದೆ. ಎಳೆಯಬಾರದು. ಕತ್ತರಿಯನ್ನಂತೂ ತರಲೇಬಾರದು, ಮೊಲದ ಚರ್ಮ ಕಾಗದಕ್ಕಿಂತ ಸ್ವಲ್ಪ ದಪ್ಪ ಅಷ್ಟೇ, ಕೂದಲು ಕತ್ತರಿಸಲು ಹೋಗಿ ಚರ್ಮವನ್ನೇ ಕತ್ತರಿಸುತ್ತೇವೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಡಿ, ಮನೆಯಲ್ಲಿ ಉಳಿದ ಕಣ್ಣಿನ ಡ್ರಾಪ್ಸೂ ಬೇಡ, ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಇನ್ನೂ ಬೆಳೆಯುತ್ತದೆ.

ಹಿಡಿಯುವುದೂ ಒಂದು ವಿದ್ಯೆ. ಕೂಸಿಗೆ ಕುಂಚಿಗೆ ಸುತ್ತಿದ ಹಾಗೆ ಟವೆಲ್ಲಿನಲ್ಲಿ ಸುತ್ತಿ ಮುಖ ಮಾತ್ರ ಹೊರಗೆ ಬಿಡಬೇಕು, ಹಿಂಭಾಗಕ್ಕೆ ಅಂಗೈ ಆಸರೆ ಇರಲೇಬೇಕು. ಅದರ ಹಿಂಗಾಲಿನ ಒದೆತ ಎಷ್ಟು ಜೋರು ಅಂದರೆ, ಕೊಸರಾಡುವಾಗ ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳಬಲ್ಲದು. ಕಿವಿ ಹಿಡಿದು ಎತ್ತುವವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ.

ಇನ್ನು ನನ್ನ ತಪ್ಪು. ಕೀವು ಇದೆ, ಸೋಂಕು ಇದೆ, ಅಂಗಡಿ ತುಂಬ ಆ್ಯಂಟಿಬಯಾಟಿಕ್ ಇದೆ. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ ಕಲಸಿದೆ, ತೂಕಕ್ಕೆ ಲೆಕ್ಕ ಹಾಕಿ ಎರಡು ಸಲ ಕುಡಿಸಿದೆ. ಮನುಷ್ಯರ ಕೂಸಿಗೆ ಕೊಡುವುದು ಒಂದು ಕೆಜಿ ಪ್ರಾಣಿಗೆ ಏನು ಮಾಡೀತು ಅಂದುಕೊಂಡೆ. ಮರುದಿನ ಸಂಜೆ ಹೊತ್ತಿಗೆ ರೊಟ್ಟಿ ಮೇವು ಮೂಸುವುದನ್ನೂ ಬಿಟ್ಟಿತು. ಹಿಕ್ಕೆ ಸಣ್ಣದಾಯಿತು, ಆಮೇಲೆ ಮೆತ್ತಗಾಯಿತು, ಆಮೇಲೆ ನಿಂತೇಹೋಯಿತು. ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತು ಕರಕರ ಹಲ್ಲು ಕಡಿಯುತ್ತಿತ್ತು. ಆ ಸದ್ದು ನೋವಿನದು ಅಂತ ನನಗೆ ಆಗ ಗೊತ್ತಿರಲಿಲ್ಲ.

ನಮ್ಮ ಓಣಿಯ ಹುಡುಗನೊಬ್ಬ ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿದ್ದಾನೆ. ರಾತ್ರಿ ಹತ್ತಕ್ಕೆ ಅವನಿಗೆ ಫೋನ್ ಮಾಡಿ ಔಷಧದ ಹೆಸರು ಹೇಳಿದ ಕೂಡಲೇ, "ಕಾಕಾ, ಅದನ್ನ ಈಗಿಂದೀಗ ಬಂದ್ ಮಾಡ್ರಿ" ಅಂದ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧ ಬಾಯಿಂದ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಆ ಜಾಗದಲ್ಲಿ ಕೆಟ್ಟವು ಬೆಳೆದು ವಿಷ ಬಿಡುತ್ತವೆ, ಮೊಲ ಸೋಂಕಿನಿಂದಲ್ಲ, ಔಷಧದಿಂದಲೇ ಸಾಯುತ್ತದೆ. ಕ್ಲಿಂಡಾಮೈಸಿನ್, ಲಿಂಕೊಮೈಸಿನ್ ಕೂಡ ಹಾಗೇ. ಪೆನಿಸಿಲಿನ್ ಇಂಜೆಕ್ಷನ್ ವಿಷಯ ಬೇರೆ, ಅದು ಡಾಕ್ಟರಿಗೆ ಬಿಟ್ಟದ್ದು. ಇಪ್ಪತ್ತು ವರ್ಷದಲ್ಲಿ ಎಷ್ಟು ಸಾವಿರ ಬಾಟಲಿ ಮಾರಿದ್ದೇನೋ, ಇದೊಂದು ಗೊತ್ತಿರಲಿಲ್ಲ.

ಆ ರಾತ್ರಿಯಿಂದ ನನ್ನ ಗಮನ ಕಣ್ಣು ಬಿಟ್ಟು ಹೊಟ್ಟೆಗೆ ಹೋಯಿತು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಕರುಳು ಸದಾ ಓಡುತ್ತಲೇ ಇರಬೇಕು. ಹತ್ತು ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಕರುಳು ನಿಲ್ಲುತ್ತದೆ, ಗ್ಯಾಸ್ ತುಂಬುತ್ತದೆ, ಅಲ್ಲಿಗೆ ಮುಗಿಯಿತು. ಮೊಲದ ಪೆಲೆಟ್ಟನ್ನು (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೇವು) ಬಿಸಿನೀರಲ್ಲಿ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಅಂಬಲಿಯ ಹದಕ್ಕೆ ತಂದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಮುಂದಿನ ಹಲ್ಲಿನ ಹಿಂದೆ ಇರುವ ಸಂದಿಯಿಂದ, ಪಕ್ಕದಿಂದ, ಒಂದು ಸಲಕ್ಕೆ ಅರ್ಧ ಎಂಎಲ್. ಅದು ಅಗಿದು ನುಂಗುವತನಕ ಕಾಯಬೇಕು, ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅವ್ವ ಹಾಲಿನ ಬಟ್ಟಲು ಹಿಡಿದು ಬಂದಳು, "ಹಾಲಿಗಿಂತ ಛಲೋ ಯಾವ್ದದ?" ಅಂತ. ದೊಡ್ಡ ಮೊಲಕ್ಕೆ ಹಾಲೂ ಬೇಡ, ನೆನೆಸಿದ ರೊಟ್ಟಿಯೂ ಬೇಡ, ಎರಡೂ ಹೊಟ್ಟೆ ಕೆಡಿಸುತ್ತವೆ ಅಂತ ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು.

ಬೆಳಗಿನ ಜಾವ ನಾಲ್ಕೂ ಇಪ್ಪತ್ತಕ್ಕೆ ಗೋಣಿತಟ್ಟಿನ ಮೇಲೆ ಒಂದು ಹಿಕ್ಕೆ ಬಿತ್ತು. ಮೊಬೈಲ್ ಬೆಳಕಲ್ಲಿ ನೋಡಿದೆ. ತೊಗರಿ ಕಾಳಿಗಿಂತ ಚಿಕ್ಕದು, ಒಂದು ಬದಿ ಚೂಪು. ಅವ್ವನನ್ನು ಎಬ್ಬಿಸಿ ತೋರಿಸಿದೆ, ಬೈದಳು.

ಬೆಳಿಗ್ಗೆ ಬೀದರ್ ರೈಲು ಹತ್ತಿದೆವು. 2017ರಲ್ಲಿ ಈ ಲೈನ್ ಶುರುವಾದ ಮೇಲೆ ನಮಗೆ ಬೀದರ್ ಹತ್ತಿರವಾಗಿದೆ. ತರಕಾರಿ ಕ್ರೇಟಿನಲ್ಲಿ ಗೋಣಿತಟ್ಟು ಹಾಸಿ, ಮೇಲೆ ತೆಳು ಬಟ್ಟೆ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದೆ. ದಾರಿಯಲ್ಲಿ ಸುರಂಗ ಬಂದಾಗ ಸದ್ದಿಗೆ ರೊಟ್ಟಿ ನೆಲಕ್ಕೆ ಅಂಟಿಕೊಂಡಿತು. ಬಟ್ಟೆಯೊಳಗೆ ಕೈ ಹಾಕಿದೆ. ಎದೆ ಬಡಿತ ಎಣಿಸಲು ಆಗುತ್ತಿರಲಿಲ್ಲ, ಹೊಲಿಗೆ ಮಷಿನ್ ಓಡಿದ ಹಾಗೆ. ಮೊಲದ ಎದೆ ಸುಮ್ನೆ ಕೂತಾಗಲೂ ನಿಮಿಷಕ್ಕೆ ಇನ್ನೂರು ದಾಟುತ್ತದೆ ಅಂತ ಆಮೇಲೆ ತಿಳಿಯಿತು.

ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಎಮ್ಮೆ, ಆಡುಗಳ ಸಾಲಿನಲ್ಲಿ ನಾನೊಬ್ಬನೇ ಮೊಲದವನು. ಡಾಕ್ಟರ್ ಕಣ್ಣು ನೋಡುವ ಮೊದಲು ಬಾಯಿ ನೋಡಿದರು. ಮೊಲದ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ, ಮೇಲಿನ ದವಡೆ ಹಲ್ಲಿನ ಬೇರು ಕಣ್ಣಿನ ಗುಂಡಿಯ ಕೆಳಗೇ ಇರುತ್ತದೆ, ಬೇರು ಕೊಳೆತಿದ್ದರೆ ಕಣ್ಣಿಗೆ ಎಷ್ಟು ಔಷಧ ಹಾಕಿದರೂ ಕೀವು ಬರುತ್ತಲೇ ಇರುತ್ತದೆ. ತಲೆಯ ಎಕ್ಸ್‌ರೇ ತೆಗೆದರು. ಹಲ್ಲು ಸರಿ ಇತ್ತು. ತೊಂದರೆ ಬೇರೆ: ಒಡೆದ ಕಣ್ಣಿನ ಚೂರು ಒಳಗೇ ಮುದುಡಿ ಉಳಿದಿತ್ತು. "ಇದನ್ನ ತೆಗೀಲಾರ್ದೆ ವಾಸಿ ಆಗಂಗಿಲ್ಲ ನೋಡ್ರಿ, ಆದ್ರ ಇವತ್ತ ತೆಗೀಲಾಕ ಬರಂಗಿಲ್ಲ, ಮೊದಲ ತಿನ್ನಲಿ" ಅಂದರು.

ಮೊಲದ ಕೀವು ನಮ್ಮ ಕೀವಿನ ಹಾಗೆ ಹರಿಯುವುದಿಲ್ಲ. ಖೋವಾ ಇದ್ದ ಹಾಗೆ ಗಟ್ಟಿ. ಚುಚ್ಚಿ ಹಿಂಡಿದರೆ ಬರುವುದಿಲ್ಲ, ಬಿಡಿಸಿ ಕೆರೆದು ತೆಗೆಯಬೇಕು. ಅದೂ ಅಲ್ಲದೆ ಕಣ್ಣಿನ ಹಿಂದೆ ರಕ್ತನಾಳಗಳ ದೊಡ್ಡ ಗುಂಪೇ ಇದೆ, ಕೈ ತಪ್ಪಿದರೆ ರಕ್ತ ನಿಲ್ಲುವುದು ಕಷ್ಟ. ಬಡಕಲು ಮೊಲವನ್ನು ಮೇಜಿನ ಮೇಲೆ ಮಲಗಿಸುವುದು ಬೇಡ ಅಂತ ಹತ್ತು ದಿನ ಗಡುವು ಕೊಟ್ಟರು. ಸೋಂಕಿಗೆ ಎನ್ರೋಫ್ಲಾಕ್ಸಾಸಿನ್, ನೋವಿಗೆ ಮೆಲಾಕ್ಸಿಕ್ಯಾಮ್ ಬರೆದುಕೊಟ್ಟರು. ಡೋಸ್ ಇಲ್ಲಿ ಬರೆಯುವುದಿಲ್ಲ, ಯಾರಾದರೂ ನನ್ನ ಹಾಗೆ ಲೆಕ್ಕ ಹಾಕಲು ಹೊರಟಾರು. ಆದರೆ ನೋವಿನ ಔಷಧ ದೊಡ್ಡದು. ನೋವು ತಗ್ಗಿದ ಮೇಲೆಯೇ ರೊಟ್ಟಿ ತಾನಾಗಿ ಬಾಯಿ ತೆರೆದದ್ದು.

ಮೇವಿನದೇ ಕಥೆ. ಮೊಲದ ಊಟದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಒಣಹುಲ್ಲೇ ಇರಬೇಕು. ಕ್ಯಾರೆಟ್ ಅಂದರೆ ಅದಕ್ಕೆ ಮಿಠಾಯಿ, ಉಗುರಿನಷ್ಟು ಸಾಕು. ಪೇಟೆಯ ಪ್ಯಾಕೆಟ್ ಹುಲ್ಲಿನ ಬೆಲೆ ಕೇಳಿ ಗಾಬರಿಯಾಗಿ ಎಮ್ಮೆ ಕಟ್ಟಿದ ಗೆಳೆಯನ ಹತ್ತಿರ ಹೋದೆ. ಒಣಹುಲ್ಲು ಅಲ್ಲಿಂದ, ಗರಿಕೆ ಹೊಲದ ಬದುವಿನಿಂದ. ಕುದುರೆ ಮೆಂತ್ಯ (ಲೂಸರ್ನ್ ಮೇವು) ಬಡಕಲಿದ್ದಾಗ ಮಾತ್ರ ಕೊಟ್ಟೆ, ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ದೊಡ್ಡ ಮೊಲಕ್ಕೆ ದಿನಾ ಒಳ್ಳೆಯದಲ್ಲ. ಎಳೆ ಜೋಳದ ಬೆಳೆ ಮಾತ್ರ ಹತ್ತಿರ ತರಲಿಲ್ಲ, ಅದನ್ನು ಮೇಯ್ದು ದನ ಬಿದ್ದದ್ದನ್ನು ನಮ್ಮ ಕಡೆ ಯಾವ ರೈತನೂ ಹೇಳುತ್ತಾನೆ. ದಿನಾ ಸಂಜೆ ಹಿಕ್ಕೆ ಗುಡಿಸಿ ನೋಡುತ್ತಿದ್ದೆ. ಕಡಲೆ ಗಾತ್ರ ಇದ್ದರೆ ನಿಶ್ಚಿಂತೆ, ತೊಗರಿ ಗಾತ್ರಕ್ಕೆ ಇಳಿದರೆ ಆ ರಾತ್ರಿ ಸಿರಿಂಜು. ಅಂಗಡಿಗೆ ಬರುವವರೆಲ್ಲ "ಕಣ್ಣು ಹೆಂಗದ್ರೀ?" ಅಂತ ಕೇಳುತ್ತಿದ್ದರು, ನಾನು ಹಿಕ್ಕೆಯ ಸಮಾಚಾರ ಹೇಳುತ್ತಿದ್ದೆ.

ಹತ್ತು ದಿನಕ್ಕೆ ತೂಕ ಒಂದೂಕಾಲು ಕೆಜಿ ದಾಟಿತು. ಆಪರೇಷನ್ ದಿನ ನಮಗಾದರೆ ಉಪವಾಸ, ಮೊಲಕ್ಕೆ ಉಪವಾಸ ಇಲ್ಲ. ಒಳಗೆ ಕರೆದೊಯ್ಯುವತನಕ ಹುಲ್ಲು ಅಗಿಯುತ್ತಿತ್ತು. ಉಳಿದ ಚೂರೆಲ್ಲ ತೆಗೆದು, ಗುಂಡಿ ತೊಳೆದು, ರೆಪ್ಪೆಗಳನ್ನು ಸೇರಿಸಿ ಹೊಲಿದರು. ಹೊಲಿಗೆ ಕೆರೆದುಕೊಳ್ಳದಂತೆ ಕೊರಳಿಗೆ ನಾಯಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ ಬೇಕಾ ಅಂತ ಕೇಳಿದೆ, ಬೇಡ ಅಂದರು. ಮೊಲ ಒಂದು ಬಗೆಯ ಮೆತ್ತನೆ ಹಿಕ್ಕೆಯನ್ನು ನೇರ ಬಾಯಿ ಹಾಕಿ ತಾನೇ ತಿನ್ನುತ್ತದೆ, ಅದು ಅದರ ಎರಡನೇ ಊಟ. ಕೊಳವೆ ಇದ್ದರೆ ಅದಕ್ಕೆ ಬಾಯಿ ಎಟುಕುವುದಿಲ್ಲ. ಹಾಗಾಗಿ ಎರಡು ದಿನ ನಾನೇ ಕಾವಲು, ಅಂಗಡಿಗೆ ತಮ್ಮ ಹೋದ. ಹೊಲಿಗೆಯ ಹತ್ತಿರ ಕಾಲು ಒಯ್ದರೆ ಮೆಲ್ಲಗೆ ಕೈ ಅಡ್ಡ. ಔಷಧ ಒಟ್ಟು ನಾಲ್ಕು ವಾರ ನಡೆಯಿತು, ಗಾಯ ಒಣಗಿತು ಅಂತ ನಡುವೆ ಬಿಡಲಿಲ್ಲ.

ಆಮೇಲೆ ಬಂತು ನಮ್ಮ ಬೇಸಿಗೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ಅಂದರೆ ನಲವತ್ತೆರಡು ಡಿಗ್ರಿ ಮಾಮೂಲು, ಮೊಲಕ್ಕೆ ಮೂವತ್ತು ದಾಟಿದರೇ ಕಷ್ಟ. ಅದು ಬೆವರುವುದಿಲ್ಲ, ಕಿವಿಯಿಂದಲೇ ಮೈ ಬಿಸಿ ಹೊರಹಾಕುತ್ತದೆ. ಇಲ್ಲಿ ನಮ್ಮ ಶಹಾಬಾದ್ ಕಲ್ಲು ಕೈಹಿಡಿಯಿತು. ನಡುಮನೆಯ ಫರ್ಸಿ ಮಧ್ಯಾಹ್ನವೂ ತಣ್ಣಗಿರುತ್ತದೆ, ರೊಟ್ಟಿ ಕಾಲು ಚಾಚಿ ಹೊಟ್ಟೆ ಅಂಟಿಸಿ ಮಲಗುತ್ತಿತ್ತು. ಆದರೆ ಬರಿ ಕಲ್ಲಿನ ಮೇಲೇ ಸದಾ ಇದ್ದರೆ ಅಂಗಾಲು ಹುಣ್ಣಾಗುತ್ತದೆ, ಅದಕ್ಕೆ ಅರ್ಧ ಜಾಗಕ್ಕೆ ಗೋಣಿತಟ್ಟು. ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಡುತ್ತಿದ್ದೆ, ಒದ್ದೆ ಬಟ್ಟೆಯಿಂದ ಕಿವಿ ಒರೆಸುತ್ತಿದ್ದೆ. ಸ್ನಾನ ಮಾಡಿಸಲೇ ಇಲ್ಲ, ಮೊಲಕ್ಕೆ ಅದು ಜೀವ ಹೋಗುವಷ್ಟು ಭಯ. ನೊಣ ಕೂರದಂತೆ ಸೊಳ್ಳೆ ಪರದೆ. ಗಾಯದ ಒದ್ದೆಗೆ, ಹಿಂಭಾಗದ ಹೊಲಸಿಗೆ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ.

ಬಲಗಡೆ ಕಾಣದು ಅನ್ನುವುದನ್ನು ರೊಟ್ಟಿಗಿಂತ ನಾವು ಕಲಿಯುವುದು ತಡವಾಯಿತು. ಮೊಲಕ್ಕೆ ಎರಡೂ ಕಣ್ಣಿದ್ದರೆ ಸುತ್ತಲೂ ಕಾಣುತ್ತದೆ, ಬೆನ್ನ ಹಿಂದೆ ಸಹ. ಒಂದು ಹೋದರೆ ಅರ್ಧ ಲೋಕ ಕತ್ತಲು. ಬಲಗಡೆಯಿಂದ ಮುಟ್ಟಿದರೆ ಹಾರಿಬಿದ್ದು ನೆಲಕ್ಕೆ ಹಿಂಗಾಲು ಬಡಿಯುತ್ತಿತ್ತು. ಗೂಡನ್ನು ಬಲಗಡೆ ಗೋಡೆ ಬರುವಂತೆ ತಿರುಗಿಸಿಟ್ಟೆವು. ನೀರಿನ ಬಟ್ಟಲು ಎಡಕ್ಕೆ. ಹತ್ತಿರ ಹೋಗುವ ಮೊದಲು ಏನಾದರೂ ಮಾತಾಡಬೇಕು, ಮಕ್ಕಳು ಬಂದರೆ ಮೊದಲು ಇದನ್ನೇ ಹೇಳುವುದು.

ಈಗ ತೂಕ ಒಂದು ಕೆಜಿ ಒಂಬೈನೂರು. ಹೊಲಿದ ಜಾಗದ ಮೇಲೆ ಕೂದಲು ಬಂದು ನಿದ್ದೆಯಲ್ಲಿ ಕಣ್ಣು ಮುಚ್ಚಿದ ಹಾಗೆ ಕಾಣುತ್ತದೆ. ಉಳಿದ ಎಡಗಣ್ಣನ್ನು ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡುತ್ತೇನೆ, ನೀರು ಸುರಿದರೆ ಅಥವಾ ಮಂಜಾದರೆ ಅವತ್ತೇ ಬೀದರ್. ಅವ್ವ ಕೊತ್ತಂಬರಿ ಸೋಸುವಾಗ ರೊಟ್ಟಿ ಅವಳ ಸೆರಗಿನ ಹತ್ತಿರವೇ ಕೂರುತ್ತದೆ, ತನ್ನ ಎಡಗಡೆ ಅವಳಿಗೆ ಬರುವಂತೆ. ಕಡ್ಡಿಯೆಲ್ಲ ಅದಕ್ಕೇ ಹೋಗುತ್ತದೆ. ಜಾಸ್ತಿ ಹಾಕಬೇಡ ಅಂದರೆ, "ನೀ ಹಾಕಿದ್ದು ಸಿರಪ್ಪು, ನಾ ಹಾಕಿದ್ದು ಕೊತ್ತಂಬ್ರಿ, ಸುಮ್ನ ಹೋಗು" ಅನ್ನುತ್ತಾಳೆ.