ವಿಶ್ವವಿದ್ಯಾಲಯದಲ್ಲಿ ಕಾನೂನಿನ ತೊಡಕು: ಎಲ್ಲಿಂದ ಆರಂಭಿಸಿ, ಹೇಗೆ ಮುಂದುವರಿಯಬೇಕು

ತಡೆಹಿಡಿದ ಫಲಿತಾಂಶ, ಕಾಲೇಜು ಮರಳಿ ಕೊಡದ ಮೂಲ ಅಂಕಪಟ್ಟಿ, ಕಾರಣ ಕೇಳುವ ನೋಟಿಸ್, ಅಮಾನತಿನ ಆದೇಶ, ಪೊಲೀಸ್ ಠಾಣೆಯಿಂದ ಬಂದ ಕರೆ. ಬೆಂಗಳೂರಿನ ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೂ ದುಡಿಯುವವರಿಗೂ ಒಂದಲ್ಲ ಒಂದು ದಿನ ಇವುಗಳಲ್ಲಿ ಯಾವುದಾದರೂ ಎದುರಾಗಬಹುದು. ಆಗ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು: ಗಾಬರಿಯಿಂದ ನೇರವಾಗಿ ವಕೀಲರ ಬಳಿಗೆ ಓಡುವುದು, ಇಲ್ಲವೇ ‘ಮೇಲಿನವರೊಂದಿಗೆ ಮಾತಾಡಿದ್ದೇನೆ, ಸರಿಹೋಗುತ್ತದೆ’ ಎಂದು ತಿಂಗಳುಗಟ್ಟಲೆ ಕಾಯುವುದು. ನ್ಯಾಯವಾದ ಕಾರಣವಿದ್ದೂ ಸೋಲುವ ಪ್ರಕರಣಗಳನ್ನು ನೋಡಿದರೆ, ಲಿಖಿತ ಆದೇಶ ಕೈಯಲ್ಲಿಲ್ಲದಿರುವುದು, ಗಡುವು ಮೀರಿರುವುದು ಅಥವಾ ಅಧಿಕಾರವೇ ಇಲ್ಲದ ಪ್ರಾಧಿಕಾರದ ಮುಂದೆ ಹೋಗಿರುವುದು, ಈ ಮೂರರಲ್ಲಿ ಒಂದು ಕಾಣಿಸುತ್ತದೆ. ಮೂರನ್ನೂ ವಕೀಲರ ನೆರವಿಲ್ಲದೆಯೇ ತಪ್ಪಿಸಿಕೊಳ್ಳಬಹುದು.

ಮೊದಲು ಸಂಸ್ಥೆಯ ಕಾನೂನನ್ನು ಗುರುತಿಸಿ

ನೀವು ಯಾರ ವಿರುದ್ಧ, ಯಾವ ಕಾಯ್ದೆಯಡಿ ದೂರುತ್ತಿದ್ದೀರಿ ಎಂಬುದು ಮೊದಲು ಖಚಿತವಾಗಬೇಕು. ಬೆಂಗಳೂರು ವಿಶ್ವವಿದ್ಯಾಲಯದಂಥ ರಾಜ್ಯ ವಿಶ್ವವಿದ್ಯಾಲಯಗಳು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಡಿ ನಡೆಯುತ್ತವೆ. ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ 1994ರ ಪ್ರತ್ಯೇಕ ಕಾಯ್ದೆಯಿದೆ; ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಗೂ ತನ್ನದೇ ಕಾಯ್ದೆಯಿದೆ. ಖಾಸಗಿ ವಿಶ್ವವಿದ್ಯಾಲಯಗಳಿಗೆ ವಿಧಾನಮಂಡಲ ಬೇರೆ ಬೇರೆ ಕಾಯ್ದೆಗಳನ್ನು ಮಾಡಿದೆ, ಡೀಮ್ಡ್ ವಿಶ್ವವಿದ್ಯಾಲಯಗಳು 1956ರ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕಾಯ್ದೆಯ 3ನೇ ಕಲಮಿನಡಿ ಮಾನ್ಯತೆ ಪಡೆದಂಥವು.

ಬೆಂಗಳೂರಿನಲ್ಲಿ ಇನ್ನೊಂದು ಸ್ಥಳೀಯ ತೊಡಕಿದೆ. 1964ರಲ್ಲಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರಾಗಿ ವಿಭಜಿಸಿದ ಮೇಲೆ, ನಗರ ಮತ್ತು ಉತ್ತರ ವಿಶ್ವವಿದ್ಯಾಲಯಗಳು 2017ರಲ್ಲಿ ಕಾರ್ಯಾರಂಭ ಮಾಡಿದವು. ಹಾಗಾಗಿ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿಯ ಅಂಕಪಟ್ಟಿ ಒಂದು ವಿಶ್ವವಿದ್ಯಾಲಯದ್ದಾಗಿ, ಈಗಿನ ವಿದ್ಯಾರ್ಥಿಯದು ಇನ್ನೊಂದರದಾಗಿರುವುದು ಸಾಮಾನ್ಯ. ಅರ್ಜಿ ಬರೆಯುವ ಮುನ್ನ ನಿಮ್ಮ ಪ್ರವೇಶಪತ್ರ ಮತ್ತು ಅಂಕಪಟ್ಟಿಯ ಮೇಲಿನ ಹೆಸರನ್ನು ನೋಡಿಕೊಳ್ಳಿ. ಬೆಂಗಳೂರು ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿಗೆ ಕೊಟ್ಟ ಅರ್ಜಿ ‘ಇದು ನಮಗೆ ಸಂಬಂಧಿಸಿದ್ದಲ್ಲ’ ಎಂದು ಹಿಂದಿರುಗುವಷ್ಟರಲ್ಲಿ ಪರೀಕ್ಷೆಯ ಮುಂದಿನ ಅವಧಿಯೇ ಬಂದಿರುತ್ತದೆ.

ಬಾಯಿಮಾತು ಸಾಲದು, ಹಿಂಬರಹ ಬೇಕು

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಿರಲಿ. ಕಚೇರಿಯ ಸಿಬ್ಬಂದಿ ‘ಆಗುವುದಿಲ್ಲ’ ಎಂದು ಬಾಯಲ್ಲಿ ಹೇಳಿದ್ದನ್ನು ಯಾವ ಮೇಲ್ಮನವಿ ಪ್ರಾಧಿಕಾರವೂ ಪರಿಶೀಲಿಸಲಾರದು. ಅದೇ ಮಾತನ್ನು ಕಾರಣಸಹಿತವಾಗಿ ಬರೆದುಕೊಟ್ಟ ಹಿಂಬರಹವನ್ನು ಉಚ್ಚ ನ್ಯಾಯಾಲಯದವರೆಗೂ ಪ್ರಶ್ನಿಸಬಹುದು. ಆದ್ದರಿಂದ ಮನವಿಯನ್ನು ಎರಡು ಪ್ರತಿಗಳಲ್ಲಿ ಸಿದ್ಧಪಡಿಸಿ, ಒಂದನ್ನು ಟಪಾಲು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕವಿರುವ ಸ್ವೀಕೃತಿ ಮೊಹರನ್ನು ಹಾಕಿಸಿಕೊಳ್ಳಿ. ಮೊಹರು ಹಾಕಲು ನಿರಾಕರಿಸಿದರೆ ಜಗಳ ಬೇಡ, ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ತಲುಪಿದ ದಾಖಲೆಯನ್ನು ಮುದ್ರಿಸಿಟ್ಟುಕೊಳ್ಳಿ.

ಮನವಿಯ ಒಕ್ಕಣೆಯೂ ಮುಖ್ಯ. ಆಡಳಿತದ ವಿಷಯವಾದರೆ ಕುಲಸಚಿವರಿಗೆ, ಪರೀಕ್ಷೆಯ ವಿಷಯವಾದರೆ ಕುಲಸಚಿವರು (ಮೌಲ್ಯಮಾಪನ) ಅವರಿಗೆ ಬರೆಯಬೇಕು. ಕುಲಪತಿಗಳಿಗೆ, ಕುಲಾಧಿಪತಿಗಳಾದ ರಾಜ್ಯಪಾಲರಿಗೆ, ಸಚಿವರಿಗೆ ಒಮ್ಮೆಲೇ ಪ್ರತಿ ಕಳುಹಿಸುವ ರೂಢಿಯಿಂದ ಪ್ರಯೋಜನ ಕಡಿಮೆ, ಏಕೆಂದರೆ ಎಲ್ಲ ಪ್ರತಿಗಳೂ ಕೊನೆಗೆ ಅದೇ ಕುಲಸಚಿವರ ಮೇಜಿಗೆ ಬರುತ್ತವೆ. ನಡೆದದ್ದನ್ನು ದಿನಾಂಕದ ಕ್ರಮದಲ್ಲಿ ಬರೆದು, ಯಾವ ನಿಯಮದ ಪ್ರಕಾರ ಏನು ಬೇಕೆಂದು ಒಂದೇ ವಾಕ್ಯದಲ್ಲಿ ಕೇಳಿ. ಆಕ್ರೋಶದ ವಿಶೇಷಣಗಳನ್ನು ಬಿಟ್ಟುಬಿಡಿ. ನಾಳೆ ನ್ಯಾಯಾಧೀಶರು ಓದುವುದು ಇದೇ ಪತ್ರವನ್ನು.

ವಿದ್ಯಾರ್ಥಿಗಳ ದಾರಿ

ಅಂಕದ ಬಗ್ಗೆ ಅನುಮಾನವಿದ್ದರೆ ಮೊದಲು ವಿಶ್ವವಿದ್ಯಾಲಯ ಪ್ರಕಟಿಸಿದ ಅವಧಿಯೊಳಗೆ ಉತ್ತರಪತ್ರಿಕೆಯ ಛಾಯಾಪ್ರತಿ ಮತ್ತು ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಬೇಕು. ನಿಯಮದಲ್ಲಿ ಅವಕಾಶವಿಲ್ಲದ ಕಡೆ ಮರುಮೌಲ್ಯಮಾಪನವನ್ನು ಹಕ್ಕೆಂದು ಕೇಳಲಾಗದು ಎಂಬುದನ್ನು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಆದರೆ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಬೇರೆಯೇ ಸಂಗತಿ. ಮೌಲ್ಯಮಾಪನ ಮಾಡಿದ ಉತ್ತರಪತ್ರಿಕೆ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯ ‘ಮಾಹಿತಿ’ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ನೀಡಿದೆ. ಸಂಸ್ಥೆ ಪತ್ರಿಕೆಗಳನ್ನು ಉಳಿಸಿಕೊಂಡಿರುವ ಅವಧಿಗೆ ಮಾತ್ರ ಈ ಹಕ್ಕು ಅನ್ವಯಿಸುವುದರಿಂದ ಫಲಿತಾಂಶ ಬಂದ ಕೂಡಲೇ ಅರ್ಜಿ ಹಾಕಬೇಕು.

ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಮುಂದಿನ 30 ದಿನಗಳೊಳಗೆ ಅದೇ ವಿಶ್ವವಿದ್ಯಾಲಯದ ಮೇಲ್ಮನವಿ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಂದ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ‘ಏಕೆ ಹೀಗೆ ಮಾಡಿದಿರಿ’ ಎಂದು ಕೇಳಬೇಡಿ. ಕಡತದ ಟಿಪ್ಪಣಿ, ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ನಡಾವಳಿ, ಸುತ್ತೋಲೆ, ಹೀಗೆ ದಾಖಲೆಯನ್ನೇ ಹೆಸರಿಸಿ ಪ್ರತಿ ಕೇಳಿ.

ಪ್ರವೇಶ, ಶುಲ್ಕ, ವಿದ್ಯಾರ್ಥಿವೇತನ, ತಾರತಮ್ಯ, ತಡವಾದ ಫಲಿತಾಂಶ ಇಂಥ ದೂರುಗಳಿಗೆ ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿ ಎರಡು ಮೆಟ್ಟಿಲುಗಳನ್ನು ಒದಗಿಸಿದೆ. ಮೊದಲನೆಯದು ಸಂಸ್ಥೆಯೊಳಗಿನ ಕುಂದುಕೊರತೆ ನಿವಾರಣಾ ಸಮಿತಿ. ಅದು ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ನೀಡಬೇಕು. ಅದರ ನಿರ್ಧಾರ ಒಪ್ಪಿಗೆಯಾಗದಿದ್ದರೆ 15 ದಿನಗಳಲ್ಲಿ ದೂರುಗಳನ್ನು ವಿಚಾರಿಸುವ ಸ್ವತಂತ್ರ ಅಧಿಕಾರಿಯಾದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಅಂಕಗಳ ಮರುಎಣಿಕೆ, ಮರುಮೌಲ್ಯಮಾಪನದ ಕೋರಿಕೆಯನ್ನು ಓಂಬುಡ್ಸ್‌ಪರ್ಸನ್ ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕಾಗುತ್ತದೆ.

ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಒತ್ತೆ ಇಟ್ಟುಕೊಳ್ಳುವಂತಿಲ್ಲ. ಪರಿಶೀಲಿಸಿ, ಸ್ವಯಂದೃಢೀಕೃತ ಪ್ರತಿಗಳನ್ನು ಪಡೆದು, ಮೂಲವನ್ನು ಹಿಂದಿರುಗಿಸಬೇಕೆಂದು ಯುಜಿಸಿ 2018ರ ಅಧಿಸೂಚನೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಪೂರ್ಣ ಕೋರ್ಸಿನ ಶುಲ್ಕ ಕಟ್ಟಿದರೆ ಮಾತ್ರ ಅಂಕಪಟ್ಟಿ ಕೊಡುತ್ತೇವೆ ಎಂಬ ಮಾತು ಕೇಳಿಬಂದರೆ, ಆ ಅಧಿಸೂಚನೆಯನ್ನು ಉಲ್ಲೇಖಿಸಿ ಪ್ರಾಂಶುಪಾಲರಿಗೆ ಬರೆದು, ಪ್ರತಿಯನ್ನು ಕುಲಸಚಿವರಿಗೆ ಕಳುಹಿಸಿ.

ಪರೀಕ್ಷಾ ಅಕ್ರಮದ ಆರೋಪ ಬಂದಾಗ ಕೊಠಡಿಯಲ್ಲೇ ಬರೆಸಿಕೊಳ್ಳುವ ಹೇಳಿಕೆಗೆ ಓದದೆ ಸಹಿ ಹಾಕಬಾರದು. ಆಕ್ಷೇಪವಿದ್ದರೆ ಸಹಿಯ ಮೇಲ್ಭಾಗದಲ್ಲೇ ಅದನ್ನು ಬರೆಯಬೇಕು. ಪರೀಕ್ಷೆಯನ್ನು ರದ್ದುಪಡಿಸುವ ಮುನ್ನ ವಿದ್ಯಾರ್ಥಿಗೆ ಅಹವಾಲು ಹೇಳಿಕೊಳ್ಳುವ ಅವಕಾಶ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1962ರಷ್ಟು ಹಿಂದೆಯೇ ತೀರ್ಮಾನಿಸಿದೆ. ಆದ್ದರಿಂದ ವಿಚಾರಣಾ ಸಮಿತಿಯ ಮುಂದೆ ಹಾಜರಾಗಿ, ಆರೋಪದ ಪ್ರತಿ ಮತ್ತು ವಶಪಡಿಸಿಕೊಂಡ ವಸ್ತುವಿನ ವಿವರವನ್ನು ಲಿಖಿತವಾಗಿ ಕೇಳಿ. ‘ಹೋಗದಿದ್ದರೆ ಏನೂ ಆಗುವುದಿಲ್ಲ’ ಎಂದು ಹೇಳುವ ಗೆಳೆಯರ ಮಾತಿಗೆ ಕಿವಿಗೊಡಬೇಡಿ.

ನೌಕರರಿಗೆ ನೋಟಿಸ್ ಬಂದಾಗ

ಕಾರಣ ಕೇಳಿ ನೋಟಿಸ್ ಬಂದರೆ ಸ್ವೀಕರಿಸಲು ನಿರಾಕರಿಸುವುದರಿಂದ ನೌಕರನಿಗೇ ಹಾನಿ. ಪಡೆದು, ಪಡೆದ ದಿನಾಂಕವನ್ನು ಬರೆದು ಸಹಿ ಮಾಡಿ, ಕೊಟ್ಟಿರುವ ಕಾಲಾವಕಾಶದೊಳಗೆ ಉತ್ತರಿಸಬೇಕು. ಆರೋಪಕ್ಕೆ ಆಧಾರವಾದ ದಾಖಲೆಗಳನ್ನು ಕೊಟ್ಟಿಲ್ಲದಿದ್ದರೆ ಮೊದಲು ಅವುಗಳ ಪಟ್ಟಿ ಮಾಡಿ ಕೇಳಿ, ಹೆಚ್ಚಿನ ಸಮಯವನ್ನೂ ಅದೇ ಪತ್ರದಲ್ಲಿ ಕೋರಿ. ಉತ್ತರದಲ್ಲಿ ಒಂದೊಂದು ಆರೋಪಕ್ಕೂ ಪ್ರತ್ಯೇಕವಾಗಿ ಒಪ್ಪುವುದನ್ನು ಒಪ್ಪಿ, ನಿರಾಕರಿಸುವುದನ್ನು ನಿರಾಕರಿಸಬೇಕು. ಎಲ್ಲವನ್ನೂ ಒಟ್ಟಾಗಿ ‘ಸುಳ್ಳು’ ಎಂದು ಬರೆದರೆ ವಿಚಾರಣಾಧಿಕಾರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಅಮಾನತು ಶಿಕ್ಷೆಯಲ್ಲ, ಆದರೆ ಅನುಭವಿಸುವವರಿಗೆ ಅದು ಶಿಕ್ಷೆಗಿಂತ ಕಡಿಮೆಯೂ ಅಲ್ಲ. ಮೂರು ತಿಂಗಳೊಳಗೆ ದೋಷಾರೋಪಣಾ ಪಟ್ಟಿ ಕೊಡದಿದ್ದರೆ ಅಮಾನತನ್ನು ಮುಂದುವರಿಸಬಾರದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಅಮಾನತಿನ ಅವಧಿಯಲ್ಲಿ ಸಿಗಬೇಕಾದ ಜೀವನಾಧಾರ ಭತ್ಯೆ ಬರದಿದ್ದರೆ ಅದನ್ನು ಪ್ರತಿ ತಿಂಗಳೂ ಲಿಖಿತವಾಗಿ ಕೇಳಬೇಕು. ಕೆಜಿಎಫ್‌ನ ಭಾರತ್ ಗೋಲ್ಡ್ ಮೈನ್ಸ್ ನೌಕರರೊಬ್ಬರು ಭತ್ಯೆಯಿಲ್ಲದೆ ವಿಚಾರಣೆಗೆ ಬರಲಾಗದಿದ್ದ ಪ್ರಕರಣದಲ್ಲಿ, ಅವರ ವಜಾ ಆದೇಶವನ್ನೇ ಸುಪ್ರೀಂ ಕೋರ್ಟ್ 1999ರಲ್ಲಿ ಎತ್ತಿಹಿಡಿಯಲಿಲ್ಲ. ವಿಚಾರಣೆ ಮುಗಿದ ಮೇಲೆ ವರದಿಯ ಪ್ರತಿಯನ್ನು ನೌಕರನಿಗೆ ಕೊಟ್ಟು, ಅದರ ಮೇಲೆ ಅವನ ಹೇಳಿಕೆ ಪಡೆದ ನಂತರವೇ ಶಿಕ್ಷೆಯನ್ನು ನಿರ್ಧರಿಸಬೇಕೆಂಬುದೂ ನೆಲೆಗೊಂಡ ನಿಯಮ.

ಅಂತಿಮ ಆದೇಶ ಬಂದ ಮೇಲೆ ಎಲ್ಲಿಗೆ ಹೋಗಬೇಕೆಂಬುದು ನಿಮಗೆ ಸಂಬಳ ಕೊಡುವವರು ಯಾರು ಎಂಬುದನ್ನು ಅವಲಂಬಿಸಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ವ್ಯಾಪ್ತಿಗೆ ಬರುವ ಖಾಸಗಿ ಸಂಸ್ಥೆಯ ನೌಕರರು, ವಜಾ ಅಥವಾ ಹಿಂಬಡ್ತಿಯ ಆದೇಶ ತಲುಪಿದ ಮೂರು ತಿಂಗಳೊಳಗೆ 94ನೇ ಕಲಮಿನಡಿ ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬೇಕು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅಧ್ಯಾಪಕರು ರಾಜ್ಯ ಸರ್ಕಾರದ ನೌಕರರಾದ ಕಾರಣ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಸಾಮಾನ್ಯವಾಗಿ ಒಂದು ವರ್ಷದೊಳಗೆ ಹೋಗಬೇಕು. ರಾಜ್ಯ ವಿಶ್ವವಿದ್ಯಾಲಯದ ಸ್ವಂತ ನೌಕರರಿಗೆ ಆಂತರಿಕ ಮೇಲ್ಮನವಿಯ ನಂತರ ಉಚ್ಚ ನ್ಯಾಯಾಲಯ. ಖಾಸಗಿ ಅನುದಾನರಹಿತ ಸಂಸ್ಥೆಯ ಸೇವಾ ಒಪ್ಪಂದದ ವಿವಾದಕ್ಕೆ ಶಾಸನದ ಬೆಂಬಲವಿಲ್ಲದಿದ್ದರೆ ರಿಟ್ ಅರ್ಜಿ (ಉಚ್ಚ ನ್ಯಾಯಾಲಯಕ್ಕೆ ನೇರವಾಗಿ ಸಲ್ಲಿಸುವ ಅರ್ಜಿ) ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿರುವುದನ್ನು ವಕೀಲರ ಶುಲ್ಕ ಕಟ್ಟುವ ಮೊದಲೇ ತಿಳಿದಿರುವುದು ಒಳ್ಳೆಯದು.

ಲೈಂಗಿಕ ಕಿರುಕುಳದ ದೂರು

ಇದರ ಹಾದಿ ಪೂರ್ತಿ ಬೇರೆ. ವಿಭಾಗದ ಮುಖ್ಯಸ್ಥರ ಕೊಠಡಿಯಲ್ಲಿ ‘ಮಾತುಕತೆಯಲ್ಲಿ ಮುಗಿಸೋಣ’ ಎಂಬ ಒತ್ತಡಕ್ಕೆ ಯಾರೂ ಮಣಿಯಬೇಕಿಲ್ಲ. ಘಟನೆ ನಡೆದ ಮೂರು ತಿಂಗಳೊಳಗೆ ಆಂತರಿಕ ದೂರು ಸಮಿತಿಗೆ ಲಿಖಿತ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ದೂರಿನಲ್ಲಿ ವಿದ್ಯಾರ್ಥಿಗಳು ಭಾಗಿಯಾಗಿದ್ದರೆ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕೆಂದು ಯುಜಿಸಿಯ 2015ರ ನಿಯಮಾವಳಿ ಹೇಳುತ್ತದೆ.

ಸಂಶೋಧನಾ ವಿದ್ಯಾರ್ಥಿಗಳು ಮಾರ್ಗದರ್ಶಕರ ವಿರುದ್ಧ ದೂರಲು ಅಂಜುವುದು ಪ್ರಬಂಧ ನಿಂತುಹೋಗುವ ಭಯದಿಂದ. ವಿಚಾರಣೆ ನಡೆಯುತ್ತಿರುವಾಗ ಆರೋಪಿತರು ದೂರುದಾರರ ಕೆಲಸವನ್ನಾಗಲಿ ಪರೀಕ್ಷೆಯನ್ನಾಗಲಿ ಮೌಲ್ಯಮಾಪನ ಮಾಡದಂತೆ ತಡೆಯಲು ಇದೇ ನಿಯಮಾವಳಿಯಲ್ಲಿ ಮಧ್ಯಂತರ ಪರಿಹಾರವಿದೆ. ಅದನ್ನು ದೂರಿನಲ್ಲೇ ಕೇಳಬೇಕು.

ಪೊಲೀಸ್, ಸಮನ್ಸ್ ಮತ್ತು ಸಹಿ

ರ‍್ಯಾಗಿಂಗ್ ಅಪರಾಧದ ಸ್ವರೂಪದ್ದಾಗಿದ್ದರೆ ಸಂಸ್ಥೆಯ ಮುಖ್ಯಸ್ಥರು 24 ಗಂಟೆಯೊಳಗೆ ಪೊಲೀಸರಿಗೆ ದೂರು ಕೊಡಬೇಕೆಂದು ಯುಜಿಸಿಯ 2009ರ ನಿಯಮಾವಳಿ ವಿಧಿಸಿದೆ, ಸಹಾಯವಾಣಿ 1800-180-5522. ಸಂಸ್ಥೆ ಸುಮ್ಮನಿದ್ದರೆ ವಿದ್ಯಾರ್ಥಿಯೇ ಯಾವ ಠಾಣೆಯಲ್ಲಾದರೂ ಮಾಹಿತಿ ನೀಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ವ್ಯಾಪ್ತಿಯ ನೆಪವೊಡ್ಡಿ ದೂರು ನಿರಾಕರಿಸುವುದಕ್ಕೆ ಎಡೆಯಿಟ್ಟಿಲ್ಲ, ಎಫ್‌ಐಆರ್ ಪ್ರತಿಯೂ ದೂರುದಾರರಿಗೆ ಉಚಿತ. ಠಾಣೆಯಿಂದ ನಿಮಗೇ ದೂರವಾಣಿ ಕರೆ ಬಂದರೆ, ಹಾಜರಾಗುವಂತೆ ಲಿಖಿತ ನೋಟಿಸ್ ಕೊಡಿ ಎಂದು ವಿನಯದಿಂದ ಕೇಳಿ. ನೋಟಿಸ್ ಬಂದ ಮೇಲೆ ತಪ್ಪದೆ ಹೋಗಿ.

ಕಚೇರಿಯ ಕಡತಕ್ಕೆ ಸಂಬಂಧಿಸಿ ನ್ಯಾಯಾಲಯದ ಸಮನ್ಸ್ ನಿಮ್ಮ ಹೆಸರಿಗೆ ಬಂದರೆ ಅದೇ ದಿನ ಕುಲಸಚಿವರಿಗೂ ಕಾನೂನು ಕೋಶಕ್ಕೂ ಪ್ರತಿ ತಲುಪಿಸಿ. ವಿದ್ಯಾರ್ಥಿಯ ದಾಖಲೆಗಳನ್ನು ಯಾರೇ ಕೇಳಲಿ, ಲಿಖಿತ ಕೋರಿಕೆ ಮತ್ತು ಮೇಲಧಿಕಾರಿಯ ಅನುಮತಿ ಇಲ್ಲದೆ ಕೊಡಬೇಡಿ. ನಗರದ ಕಂಪನಿಗಳೊಡನೆ ಸಂಶೋಧನೆ ನಡೆಸುವ ಅಧ್ಯಾಪಕರು ಗೌಪ್ಯತಾ ಒಪ್ಪಂದಕ್ಕೆ ತಾವೇ ಸಹಿ ಹಾಕಿಬಿಡುವುದುಂಟು. ವಿಶ್ವವಿದ್ಯಾಲಯವನ್ನು ಬಾಧ್ಯಸ್ಥವಾಗಿಸುವ ಒಪ್ಪಂದಕ್ಕೆ ಅಧಿಕಾರ ಹೊಂದಿದವರ ಸಹಿಯೇ ಬೇಕು. ಇಲ್ಲದಿದ್ದರೆ ಹೊಣೆ ವೈಯಕ್ತಿಕವಾಗಿ ನಿಮ್ಮ ಹೆಗಲೇರಬಹುದು.

ನ್ಯಾಯಾಲಯಕ್ಕೆ ಹೋಗಲೇಬೇಕಾದರೆ

ವಿಧಾನಸೌಧದ ಎದುರಿನ ಉಚ್ಚ ನ್ಯಾಯಾಲಯದಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಸಲ್ಲಿಸುವಾಗ ಮೊದಲು ಕೇಳಿಬರುವ ಪ್ರಶ್ನೆ, ಪರ್ಯಾಯ ಪರಿಹಾರವನ್ನು ಬಳಸಿಕೊಂಡಿದ್ದೀರಾ ಎಂಬುದು. ಮೇಲೆ ಹೇಳಿದ ಮನವಿ, ಮೊಹರು, ಹಿಂಬರಹಗಳೆಲ್ಲ ಇಲ್ಲಿ ಅರ್ಜಿಯ ಅನುಬಂಧಗಳಾಗುತ್ತವೆ. ಪರೀಕ್ಷೆಗೆ ಕೂರಿಸುವಂತೆ ಮಧ್ಯಂತರ ಆದೇಶ ಬೇಕಿದ್ದರೆ ಹಿಂದಿನ ದಿನದವರೆಗೆ ಕಾಯಬಾರದು. ಬೇಸಿಗೆ ರಜೆಯಲ್ಲಿ ರಜಾಕಾಲದ ಪೀಠ ತುರ್ತು ಪ್ರಕರಣಗಳನ್ನಷ್ಟೇ ಕೈಗೆತ್ತಿಕೊಳ್ಳುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, 15100 ಸಂಖ್ಯೆಗೂ ಕರೆ ಮಾಡಬಹುದು.

ಆದೇಶ ನಿಮ್ಮ ಪರವಾಗಿ ಬಂದರೆ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ದೃಢೀಕೃತ ಪ್ರತಿ ಪಡೆದು, ಒಂದು ಮನವಿಯೊಡನೆ ಕುಲಸಚಿವರ ಕಚೇರಿಗೆ ಸಲ್ಲಿಸಿ, ಮತ್ತೆ ಮೊಹರು ಹಾಕಿಸಿಕೊಳ್ಳಿ. ನ್ಯಾಯಾಲಯ ಕೊಟ್ಟ ಅವಧಿ ಕಳೆದರೂ ಆದೇಶ ಜಾರಿಯಾಗದಿದ್ದರೆ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಲು ಅವಕಾಶವಿದೆ. ಅದಕ್ಕೆ 1971ರ ಕಾಯ್ದೆ ನಿಗದಿಪಡಿಸಿರುವ ಗಡುವು, ಉಲ್ಲಂಘನೆಯಾದ ದಿನದಿಂದ ಒಂದು ವರ್ಷ.