ಸರ್ವರ್ ರೂಮ್ ಶಿಫ್ಟ್: ಲಾರಿಗಿಂತ ಸ್ವಿಚ್ಚಿನ ಭಯವೇ ಜಾಸ್ತಿ

ಆಫೀಸ್ ಶಿಫ್ಟ್ ಅಂದರೆ ಎಲ್ಲರಿಗೂ ಲಾರಿಯದ್ದೇ ಭಯ. ಸರ್ವರ್ ಬಿದ್ದರೆ? ಹಂಪ್ ಮೇಲೆ ಎಗರಿದರೆ? ಮಳೆ ಹಿಡಿದುಕೊಂಡರೆ? ನನ್ನ ಭಯ ಬೇರೆ ಇತ್ತು. ವರ್ಷಗಟ್ಟಲೆ ನಿಲ್ಲದೆ ಓಡಿದ ಮೆಷಿನ್ನನ್ನು ಆಫ್ ಮಾಡೋದೇ ದೊಡ್ಡ ಗಂಡಾಂತರ. ನಮ್ಮ ಸರ್ವರ್ ರೂಮನ್ನು ಬಸವನಗುಡಿಯಿಂದ ವೈಟ್‌ಫೀಲ್ಡ್‌ಗೆ ಸಾಗಿಸುವ ಕೆಲಸ ನನ್ನ ತಲೆಗೆ ಬಂದಾಗ ಈ ಲೆಕ್ಕದ ಮೇಲೇ ಪ್ಲಾನ್ ಹಾಕಿದೆ.

ತಿರುಗುತ್ತಿರುವ ಹಳೇ ಹಾರ್ಡ್ ಡಿಸ್ಕ್ ಹೇಗೋ ತಿರುಗುತ್ತಾ ಇರುತ್ತದೆ. ಒಮ್ಮೆ ನಿಂತು ತಣ್ಣಗಾದರೆ ಮತ್ತೆ ಏಳದೇ ಹೋಗಬಹುದು. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ, ಅದೇ ಸಿಆರ್2032, ಸತ್ತಿದ್ದರೂ ಕರೆಂಟ್ ಇರುವ ತನಕ ಗೊತ್ತಾಗಲ್ಲ. ಪ್ಲಗ್ ಕಿತ್ತರೆ ಡೇಟು, ಟೈಮು ಎಲ್ಲಾ ಮಾಯ. ನೆಟ್‌ವರ್ಕ್ ಸ್ವಿಚ್‌ನಲ್ಲಿ ಯಾರೋ ಏನೋ ಬದಲಿಸಿ ಸೇವ್ ಮಾಡದೆ ಬಿಟ್ಟಿದ್ದರೆ, ಆಫ್ ಮಾಡಿದ ಕೂಡಲೇ ಅದೂ ಹೋಯ್ತು.

ಇವೆಲ್ಲ ಹೊಸ ಜಾಗದಲ್ಲಿ, ಭಾನುವಾರ ರಾತ್ರಿ ಒಟ್ಟಿಗೇ ಎದುರಾದರೆ ಯಾವುದು ಸಾಗಾಟದ ಪೆಟ್ಟು, ಯಾವುದು ಹಳೇ ರೋಗ ಅಂತ ಹೇಗೆ ಹೇಳೋದು? ಅದಕ್ಕೇ ಶಿಫ್ಟ್‌ಗೆ ಸಾಕಷ್ಟು ಮೊದಲೇ, ಹಳೇ ಜಾಗದಲ್ಲೇ, ಒಂದೊಂದೇ ಮೆಷಿನ್ ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು, ತಣ್ಣಗಾಗಲು ಬಿಟ್ಟು, ಆಮೇಲೆ ಆನ್ ಮಾಡಿದೆ. ಬರೀ ರೀಸ್ಟಾರ್ಟ್ ಮಾಡಿದರೆ ಡಿಸ್ಕ್ ನಿಲ್ಲೋದೇ ಇಲ್ಲ, ಪರೀಕ್ಷೆ ಆದ ಹಾಗಲ್ಲ. ಒಂದು ಡಿಸ್ಕ್ ನಿಜವಾಗಿಯೂ ಏಳಲಿಲ್ಲ. ಎರಡು ಡಿಸ್ಕ್ ಕೈಕೊಟ್ಟರೂ ಡೇಟಾ ಉಳಿಯುವ ಹಾಗೆ ಡಿಸ್ಕ್ ಜೋಡಿಸುವ ರೈಡ್ 6 ಇದ್ದಿದ್ದರಿಂದ ಡೇಟಾಗೆ ಏನೂ ಆಗಲಿಲ್ಲ. ಎಎಂಸಿಯವರು, ಅಂದರೆ ವಾರ್ಷಿಕ ನಿರ್ವಹಣೆ ಗುತ್ತಿಗೆಯವರು, ಬೇರೆ ಡಿಸ್ಕ್ ತಂದು ಹಾಕಿದರು. ಬ್ಯಾಟರಿಗಳನ್ನು ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದು ಎಲ್ಲಾ ಮೆಷಿನ್ನಿಗೂ ಬದಲಾಯಿಸಿಬಿಟ್ಟೆ.

ಈ ಆಟಕ್ಕೆಲ್ಲ ಮೊದಲು ಬ್ಯಾಕಪ್ ಆಗಿತ್ತು ಅನ್ನಿ. ಒಂದು ಪ್ರತಿ ಕ್ಲೌಡ್‌ನಲ್ಲಿ, ಇನ್ನೊಂದು ಎನ್‌ಕ್ರಿಪ್ಟ್ ಮಾಡಿದ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ. ಬ್ಯಾಕಪ್ ಸಾಫ್ಟ್‌ವೇರ್ ತೋರಿಸುವ ಹಸಿರು ಟಿಕ್ಕನ್ನು ನಾನು ನಂಬೋದಿಲ್ಲ. ಟ್ಯಾಲಿ ಡೇಟಾವನ್ನು ಬೇರೊಂದು ಲ್ಯಾಪ್‌ಟಾಪ್‌ಗೆ ರಿಸ್ಟೋರ್ ಮಾಡಿ, ಅಕೌಂಟ್ಸ್ ಮೇಡಂ ಮುಂದೆ ಇಟ್ಟೆ.

"ಮೇಡಂ, ನಿನ್ನೆ ಕೊನೆಗೆ ಹಾಕಿದ ಬಿಲ್ ಇದೆಯಾ ನೋಡಿ."

"ಯಾಕ್ರೀ, ಏನಾದ್ರೂ ಹೋಯ್ತಾ?"

"ಹೋಗಿಲ್ಲ. ಹೋದ್ರೆ ಸಿಗುತ್ತಾ ಅಂತ ನೋಡ್ತಿದೀನಿ."

ಬಿಲ್ ಇತ್ತು. ಶಿಫ್ಟ್‌ಗೆ ದಿನ ಗೊತ್ತು ಮಾಡಿದ್ದೂ ಮೇಡಂ ಅವರೇ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನ್ ಹಾಕುವ ಕೊನೇ ದಿನಗಳು. ಅದರ ಆಸುಪಾಸು ಸಿಸ್ಟಮ್ ಮುಟ್ಟಲೇಬೇಡಿ ಅಂದರು. ಯಜಮಾನರದ್ದು ಇನ್ನೊಂದು ಷರತ್ತು: ಶನಿವಾರ 9ರಿಂದ 10.30 ರಾಹುಕಾಲ, ಅದು ಶುರುವಾಗುವ ಮೊದಲೇ ಸಾಮಾನು ಹೊರಡಬೇಕು. ನನಗೂ ಅದೇ ಬೇಕಿತ್ತು. ಬೆಳಗಿನ ಟ್ರಾಫಿಕ್ ಶುರುವಾದ ಮೇಲೆ ಸಿಲ್ಕ್ ಬೋರ್ಡ್, ಮಾರತ್‌ಹಳ್ಳಿ ದಾಟಿಕೊಂಡು ಸರ್ವರ್ ಒಯ್ಯುವ ಆಸೆ ಯಾರಿಗಿದೆ?

ಶುಕ್ರವಾರ ರಾತ್ರಿ ಆಫ್ ಮಾಡಿದ ಕ್ರಮ: ಮೊದಲು ಅಪ್ಲಿಕೇಶನ್, ಆಮೇಲೆ ಡೇಟಾಬೇಸ್, ಉಳಿದ ವಿಎಂಗಳು (ಒಂದೇ ಮೆಷಿನ್ನಿನೊಳಗೆ ಓಡುವ ವರ್ಚುವಲ್ ಮೆಷಿನ್‌ಗಳು), ಎಲ್ಲರ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್, ವಿಎಂಗಳನ್ನು ಹೊತ್ತ ಹೋಸ್ಟ್‌ಗಳು, ಸ್ಟೋರೇಜ್, ಕೊನೆಗೆ ನೆಟ್‌ವರ್ಕ್ ಸ್ವಿಚ್. ಡೇಟಾಬೇಸ್ ಇನ್ನೂ ಬರೆಯುತ್ತಿರುವಾಗಲೇ ಸ್ಟೋರೇಜ್ ಆಫ್ ಮಾಡಿದರೆ ಉಣ್ಣುತ್ತಾ ಕೂತವನ ಎಲೆ ಎಳೆದ ಹಾಗೆ. ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವ ಸೆಟ್ಟಿಂಗ್ ಬಯಾಸ್‌ನಲ್ಲಿ (ಮೆಷಿನ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂನಲ್ಲಿ) ಇರುತ್ತದಲ್ಲ, ಅದನ್ನೂ ತೆಗೆದಿಟ್ಟೆ. ಇಲ್ಲದಿದ್ದರೆ ಹೊಸ ಜಾಗದಲ್ಲಿ ಸ್ಟೋರೇಜ್ ಏಳುವ ಮೊದಲೇ ಹೋಸ್ಟ್ ಎದ್ದು ಕೂರುತ್ತದೆ. ಇನ್ನೊಂದು ವಿಷಯ: ನಮ್ಮ ಪಾಸ್‌ವರ್ಡ್‌ಗಳೆಲ್ಲ ಇದ್ದಿದ್ದು ಒಂದು ವಿಎಂ ಒಳಗೆ. ಅದೇ ಆಫ್ ಆದ ಮೇಲೆ ಅದನ್ನು ಆನ್ ಮಾಡೋ ಪಾಸ್‌ವರ್ಡ್ ಎಲ್ಲಿಂದ ತರೋದು? ಬೇಕಾದ್ದನ್ನೆಲ್ಲ, ಎನ್‌ಕ್ರಿಪ್ಟ್ ಆದ ಡಿಸ್ಕ್ ತೆರೆಯಲು ಬೇಕಾಗುವ ಬಿಟ್‌ಲಾಕರ್ ರಿಕವರಿ ಕೀ ಸಮೇತ, ಪ್ರಿಂಟ್ ತೆಗೆದು ಲಕೋಟೆಗೆ ಹಾಕಿ ಜೇಬಿನಲ್ಲಿಟ್ಟುಕೊಂಡೆ.

ಡಿಸ್ಕ್‌ಗಳನ್ನು ಬಿಚ್ಚಿ, ಯಾವ ಮೆಷಿನ್ನಿನ ಎಷ್ಟನೇ ಸ್ಲಾಟು ಅಂತ ಬರೆದು ಅಂಟಿಸಿ, ಆಂಟಿಸ್ಟಾಟಿಕ್ ಕವರ್ ಹಾಕಿ, ಸ್ಪಂಜಿನ ನಡುವೆ ಇಟ್ಟು ನನ್ನ ಕಾರಿನಲ್ಲೇ ತಂದೆ. ಖಾಲಿ ಡಬ್ಬಗಳು ಮಾತ್ರ ಲಾರಿಗೆ. ಬ್ಯಾಕಪ್ ಡಿಸ್ಕ್ ಮೂರನೇ ಗಾಡಿಯಲ್ಲಿ, ಬೇರೊಬ್ಬರ ಕೈಯಲ್ಲಿ. ಪ್ಯಾಕರ್ಸ್ ಹುಡುಗ "ಸಾರ್, ಫ್ರಿಜ್ಜೇ ಸಾಗಿಸ್ತೀವಿ, ಇದ್ಯಾವ ಲೆಕ್ಕ" ಅಂತ ಬಬಲ್ ರೋಲ್ ಹಿಡಿದು ಬಂದ. ಸುಮ್ನೆ ನಕ್ಕು, ಸರ್ವರ್‌ಗಳಿಗೂ ಮೊದಲು ಆಂಟಿಸ್ಟಾಟಿಕ್ ಶೀಟ್ ಸುತ್ತಿಸಿದೆ; ಬಬಲ್ ರ‍್ಯಾಪ್ ನೇರವಾಗಿ ತಾಗಿದರೆ ಸ್ಟಾಟಿಕ್ ಕರೆಂಟಿನ ಕಾಟ.

ಹೊಸ ಕಟ್ಟಡದಲ್ಲಿ ನಾನು ಮೊದಲು ನೋಡಿದ್ದು ಎಸಿ ಅಲ್ಲ, ಅರ್ಥಿಂಗ್. ಶಿಫ್ಟ್‌ಗೆ ಮುಂಚೆಯೇ ಎಲೆಕ್ಟ್ರಿಷಿಯನ್ ಜೊತೆ ಹೋಗಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಹಿಡಿದೆವು. 2 ವೋಲ್ಟ್ ಒಳಗಿರಬೇಕು ಅನ್ನೋದು ನನ್ನ ಲೆಕ್ಕ. ಅಲ್ಲಿ 9 ತೋರಿಸಿತು. ಅರ್ಥ್ ಗುಂಡಿಗೆ ನೀರು ಬಿಟ್ಟು ಯಾವ ಕಾಲವಾಗಿತ್ತೋ, ಕ್ಲಾಂಪ್ ತುಕ್ಕು ಹಿಡಿದಿತ್ತು. ಅದನ್ನು ಸರಿಮಾಡಿಸಿ, ಯುಪಿಎಸ್ ಮೇಲೆ ರೂಮ್ ಹೀಟರ್‌ಗಳ ಲೋಡ್ ಕೊಟ್ಟು, ಮೈನ್ ಆಫ್ ಮಾಡಿ ಎಷ್ಟು ಹೊತ್ತು ಎಳೆಯುತ್ತೆ ನೋಡಿದ ಮೇಲೇ ಒಪ್ಪಿದ್ದು. ಆ ವಾರಾಂತ್ಯ ಆ ಕಡೆ ಬೆಸ್ಕಾಂ ಪವರ್ ಕಟ್ ಇದೆಯಾ ಅಂತಲೂ 1912ಕ್ಕೆ ಫೋನ್ ಮಾಡಿ ವಿಚಾರಿಸಿದೆ.

ಐಪಿ ವಿಳಾಸ ಬದಲಾಗೋದರಿಂದ ಡಿಎನ್‌ಎಸ್ ಟಿಟಿಎಲ್ ಅನ್ನು (ಹಳೇ ವಿಳಾಸವನ್ನು ಬೇರೆ ಕಂಪ್ಯೂಟರ್‌ಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಅನ್ನೋ ಲೆಕ್ಕ) ಮೊದಲೇ 300 ಸೆಕೆಂಡಿಗೆ ಇಳಿಸಿದ್ದೆ. ನಿಜವಾಗಿ ತಡವಾಗೋದು ಅಲ್ಲಲ್ಲ. ಬ್ಯಾಂಕಿನವರು, ಗ್ರಾಹಕರು ತಮ್ಮ ಫೈರ್‌ವಾಲ್‌ನಲ್ಲಿ ನಮ್ಮ ಹೊಸ ಐಪಿ ಸೇರಿಸಬೇಕು. ಅವರಿಗೆ ಮೇಲ್ ಹಾಕಿದರೆ ಸಾಲದು, ಬೆನ್ನು ಹತ್ತಬೇಕು.

ಆನ್ ಮಾಡುವಾಗ ಎಲ್ಲ ಉಲ್ಟಾ ಕ್ರಮ. ಡೊಮೇನ್ ಕಂಟ್ರೋಲರ್ ಎದ್ದ ಮೇಲೆ ಮೊದಲು ನೋಡಿದ್ದು ಗಡಿಯಾರ. ಅದಕ್ಕೂ ಉಳಿದ ಮೆಷಿನ್‌ಗಳ ಗಡಿಯಾರಕ್ಕೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಲಾಗಿನ್‌ಗಳು ಕೈಕೊಡುತ್ತವೆ.

ಹಳೇ ಆಫೀಸ್ ಖಾಲಿ ಮಾಡುವಾಗ ಬೀರುವಿನಲ್ಲಿ ಒಂದು ರಾಶಿ ಹಳೇ ಡಿಸ್ಕ್ ಸಿಕ್ಕವು. ಗುಜರಿಯವನು ಬಾಗಿಲಲ್ಲೇ ನಿಂತಿದ್ದ, ಕೆಜಿ ಲೆಕ್ಕದಲ್ಲಿ ಕೊಡಿ ಅಂತ. ಕೊಡಲಿಲ್ಲ. ಅವುಗಳ ಒಳಗಿರೋದೂ ಗ್ರಾಹಕರ ಡೇಟಾನೇ ಅಲ್ವಾ. ಏಳದೆ ಹೋಗಿದ್ದ ಆ ಡಿಸ್ಕನ್ನೂ ಸೇರಿಸಿ ಎಲ್ಲದರ ಸೀರಿಯಲ್ ನಂಬರ್ ಬರೆದುಕೊಂಡು, ಒಳಗೆ ಡೇಟಾ ಇರುವ ತಟ್ಟೆ, ಅದೇ ಪ್ಲ್ಯಾಟರ್, ತೂತಾಗುವ ತನಕ ಡ್ರಿಲ್ ಹೊಡೆಸಿ, ಇ-ವೇಸ್ಟ್‌ನವರಿಗೆ ರಸೀದಿ ತಗೊಂಡು ಒಪ್ಪಿಸಿದೆ.